ಬಾಮೈದನ 30 ಪರ್ಸೆಂಟ್: ಪೀಣ್ಯದ ಒಂದು ಷೇರು ಜಗಳದ ಪೂರ್ತಿ ಕಥೆ

ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಶೇಕಡ 30 ಪಾಲು ಇದೆ ಅಂದರೆ ಕೇಳೋಕೆ ಚೆನ್ನಾಗಿರುತ್ತದೆ. ಆದರೆ ಆ ಪಾಲಿಗೆ ಸಂಬಳ ಇಲ್ಲ. ಪ್ರತಿ ವರ್ಷ ಡಿವಿಡೆಂಡ್, ಅಂದರೆ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು, ಕೊಡಲೇಬೇಕು ಎಂಬ ನಿಯಮ ಇಲ್ಲ. ಮಾರೋಣ ಅಂದರೆ ಹೊರಗಿನವರು ಯಾರೂ ಕೊಳ್ಳೋಕೆ ಬರುವುದಿಲ್ಲ. ಪಾಲುದಾರರು ಚೆನ್ನಾಗಿರುವವರೆಗೆ ಇದು ಯಾರಿಗೂ ನೆನಪಾಗುವುದಿಲ್ಲ. ಮಾತು ನಿಂತ ದಿನ ನೆನಪಾಗುತ್ತದೆ.

ಇಲ್ಲಿ ಹೇಳುತ್ತಿರುವುದು ಯಾವುದೋ ಒಂದು ಕಂಪನಿಯ ಕಡತ ಅಲ್ಲ. ಬೆಂಗಳೂರಿನ ಸಣ್ಣ ಕೈಗಾರಿಕೆಗಳಲ್ಲಿ ಇಂಥ ಜಗಳ ಹೇಗೆ ಶುರುವಾಗಿ ಎಲ್ಲಿ ಮುಟ್ಟುತ್ತದೆ ಎಂದು ತೋರಿಸಲು ಕಟ್ಟಿದ ಪ್ರಕರಣ. ಪಾತ್ರಗಳು, ಲೆಕ್ಕದ ಅಂಕಿಗಳು ಕಟ್ಟಿದವು. ಕಾನೂನು ಮತ್ತು ಹಳೆಯ ತೀರ್ಪುಗಳು ನಿಜವಾದವು.

ಪೀಣ್ಯದಲ್ಲಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮೆಷಿನ್‌ಗಳ, ಒಂದು ಶೆಡ್. ಆಟೋ ಬಿಡಿಭಾಗಗಳ ಜಾಬ್ ವರ್ಕ್. ಮೊದಲು ಭಾವ ಮತ್ತು ಬಾಮೈದ ಸೇರಿ ಪಾರ್ಟ್‌ನರ್‌ಶಿಪ್ ಆಗಿ ನಡೆಸುತ್ತಿದ್ದರು. ಜಾಗ ಭಾವ ತಂದದ್ದು. ಮೆಷಿನ್ ಮೇಲಿನ ಕೆಲಸ, ಫಿಕ್ಸ್‌ಚರ್, ಗಿರಾಕಿಗಳ ಇನ್‌ಸ್ಪೆಕ್ಷನ್ ಎಲ್ಲ ಬಾಮೈದನದು. ದೊಡ್ಡ ಗಿರಾಕಿಯೊಬ್ಬರು ಕಂಪನಿ ಆಗಿದ್ದರೆ ಮಾತ್ರ ಆರ್ಡರ್ ಎಂದಾಗ ಪ್ರೈವೇಟ್ ಲಿಮಿಟೆಡ್ ಮಾಡಿಸಿದರು. 10 ರೂಪಾಯಿ ಮುಖಬೆಲೆಯ 1,00,000 ಷೇರು. ಭಾವನಿಗೆ 60,000, ಅಕ್ಕನಿಗೆ 10,000, ಬಾಮೈದನಿಗೆ 30,000. ಮೂವರೂ ಡೈರೆಕ್ಟರ್‌ಗಳು.

ಹಳೆಯ ಪಾರ್ಟ್‌ನರ್‌ಶಿಪ್ ಡೀಡ್‌ನಲ್ಲಿ ಎರಡು ಒಳ್ಳೆಯ ಸಾಲುಗಳಿದ್ದವು. ಇಬ್ಬರೂ ಒಪ್ಪದೆ ಹೊಸಬರನ್ನು ಸೇರಿಸುವಂತಿಲ್ಲ. ಒಬ್ಬರು ಹೊರಗೆ ಹೋದರೆ ಆಸ್ತಿಗೆ ಮಾರುಕಟ್ಟೆ ಬೆಲೆ ಕಟ್ಟಬೇಕು. ಕಂಪನಿ ಮಾಡುವಾಗ ಇವೆರಡೂ ಆರ್ಟಿಕಲ್ಸ್‌ಗೆ, ಅಂದರೆ ಕಂಪನಿಯ ಒಳನಿಯಮಾವಳಿಗೆ, ಬರಲಿಲ್ಲ. ಕಾಯ್ದೆಯ ಜೊತೆಗೇ ಬರುವ ಟೇಬಲ್ ಎಫ್ ನಮೂನೆಯನ್ನು ಹಾಗೇ ಹಾಕಿದರು. ಎಲ್ಲರೂ ಮಾಡುವುದು ಅದನ್ನೇ. ಆಡಿಟರ್ ಕಳಿಸಿದ ಕಾಗದಕ್ಕೆ ಸಹಿ ಹಾಕುವಾಗ ಆರ್ಟಿಕಲ್ಸ್ ಓದಿದವರನ್ನು ನಾನಂತೂ ಕಂಡಿಲ್ಲ. ಇದರ ಬೆಲೆ ಸಣ್ಣದಲ್ಲ. ಷೇರು ವರ್ಗಾವಣೆಗೆ ಪಾಲುದಾರರು ತಮ್ಮತಮ್ಮಲ್ಲೇ ಹಾಕಿಕೊಂಡ ನಿರ್ಬಂಧ ಆರ್ಟಿಕಲ್ಸ್‌ನಲ್ಲಿ ಇಲ್ಲದಿದ್ದರೆ ಅದು ಕಂಪನಿಯನ್ನು ಕಟ್ಟಿಹಾಕುವುದಿಲ್ಲ ಎಂದು ಸುಪ್ರೀಂ ಕೋರ್ಟ್ ವಿ.ಬಿ. ರಂಗರಾಜ್ ಪ್ರಕರಣದಲ್ಲಿ ಹೇಳಿ ಮೂರು ದಶಕ ದಾಟಿದೆ.

ಬಿರುಕು ಬಿದ್ದದ್ದು ಭಾವನ ಮಗ ಓದು ಮುಗಿಸಿ ಶೆಡ್‌ಗೆ ಬಂದ ಮೇಲೆ. ಆರಂಭದಲ್ಲಿ ಖರೀದಿ ನೋಡಿಕೊಳ್ಳುತ್ತಿದ್ದ. ಆಮೇಲೆ ತನ್ನದೇ ಹೆಸರಿನಲ್ಲಿ ಒಂದು ಫರ್ಮ್ ಮಾಡಿಕೊಂಡ. ಕಂಪನಿಯ ಹಳೆಯ ಇಬ್ಬರು ಗಿರಾಕಿಗಳ ಪರ್ಚೇಸ್ ಆರ್ಡರ್ ಆ ಫರ್ಮಿಗೆ ಬರತೊಡಗಿತು. ಮೆಷಿನ್ ಅದೇ, ಕೆಲಸಗಾರರು ಅವರೇ, ಬಿಲ್ ಮಾತ್ರ ಬೇರೆ.

ಬಾಮೈದ ಕೇಳಿದ: "ಭಾವ, ಇದೇನು ನಡೀತಿದೆ? ಆರ್ಡರ್ ಕಂಪನಿದಲ್ವಾ?"

"ಅವನೂ ಬೆಳೀಬೇಕಲ್ಲ, ನಿನಗೇನು ಸಂಬಳ ನಿಂತಿದೆಯಾ?" ಅಂದರು ಭಾವ.

ಆ ತಿಂಗಳಿಂದ ಸಂಬಳವೂ ನಿಂತಿತು. ಆಫೀಸಿನ ಇಮೇಲ್ ಬಂದ್ ಆಯಿತು. ಲಾಭವನ್ನೆಲ್ಲ ಇವರು ಡೈರೆಕ್ಟರ್ ಸಂಬಳದ ರೂಪದಲ್ಲೇ ತೆಗೆದುಕೊಳ್ಳುತ್ತಿದ್ದರು. ಡಿವಿಡೆಂಡ್ ಒಂದು ಸಲವೂ ಕೊಟ್ಟಿರಲಿಲ್ಲ. ಹಾಗಾಗಿ ಸಂಬಳ ನಿಂತರೆ 30 ಪರ್ಸೆಂಟಿನ ಒಡೆಯನಿಗೆ ಕೈಗೆ ಬರುವುದು ಸೊನ್ನೆ. ಕುಟುಂಬದ ಕಂಪನಿಗಳಲ್ಲಿ ಚಿಕ್ಕ ಪಾಲುದಾರನನ್ನು ಮಣಿಸುವ ಸುಲಭದ ದಾರಿ ಇದೇ. ಕಾನೂನು ಮುರಿಯಬೇಕಾಗಿಯೇ ಇಲ್ಲ, ಕಾಯುತ್ತ ಕೂತರೆ ಸಾಕು.

ಕುರ್ಚಿ ಒಂದು ಕಡೆ, ಷೇರು ಒಂದು ಕಡೆ

ಕೆಲವು ತಿಂಗಳ ನಂತರ ಮನೆಗೆ ಒಂದು ನೋಟಿಸ್ ಬಂತು. ಡೈರೆಕ್ಟರ್ ಸ್ಥಾನದಿಂದ ತೆಗೆಯಲು ವಿಶೇಷ ಸಾಮಾನ್ಯ ಸಭೆ. ಬಾಮೈದನಿಗೆ ಉರಿದುಹೋಯಿತು. ನೀವು ತೆಗೆಯೋದೇನು, ನಾನೇ ಬಿಡುತ್ತೇನೆ ಎಂದು ರಾಜೀನಾಮೆ ಟೈಪ್ ಮಾಡಿಸಿಕೊಂಡು ವಕೀಲರ ಹತ್ತಿರ ಹೋದ. ವಕೀಲರು ಮೊದಲು ಮಾಡಿದ ಕೆಲಸ ಆ ಪತ್ರವನ್ನು ಕಿತ್ತಿಟ್ಟುಕೊಂಡದ್ದು.

ಕಾರಣ ಇಷ್ಟೇ. ಡೈರೆಕ್ಟರ್ ಆಗಿರುವವರೆಗೆ ಕಂಪನಿಯ ಲೆಕ್ಕದ ಪುಸ್ತಕಗಳನ್ನು ಕೆಲಸದ ಸಮಯದಲ್ಲಿ ನೋಡುವ ಹಕ್ಕು ಇರುತ್ತದೆ. ಕಂಪನಿ ಕಾಯ್ದೆ 2013ರ ಸೆಕ್ಷನ್ 128 ಅದನ್ನು ಕೊಡುತ್ತದೆ. ಬರೀ ಷೇರುದಾರನಾದರೆ ಸಿಗುವುದು ಆಡಿಟ್ ಆದ ವಾರ್ಷಿಕ ಲೆಕ್ಕ, ಸದಸ್ಯರ ರಿಜಿಸ್ಟರ್, ಸಾಮಾನ್ಯ ಸಭೆಯ ನಡಾವಳಿ. ಬೋರ್ಡ್ ಸಭೆಯ ನಡಾವಳಿಯೂ ಇಲ್ಲ, ಸೇಲ್ಸ್ ಲೆಡ್ಜರೂ ಇಲ್ಲ. ತೆಗೆಯುವ ಪ್ರಕ್ರಿಯೆಗೆ ಹೇಗೂ ಸಮಯ ಹಿಡಿಯುತ್ತದೆ. ಸೆಕ್ಷನ್ 169ರ ಪ್ರಕಾರ ವಿಶೇಷ ನೋಟಿಸ್ ಬೇಕು, ಅದು ಸಭೆಗೆ ಕನಿಷ್ಠ 14 ದಿನ ಮೊದಲು ಕಂಪನಿಗೆ ತಲುಪಬೇಕು. ಸಭೆಗೆ, ಆರ್ಟಿಕಲ್ಸ್ ಬೇರೆ ಹೇಳದಿದ್ದರೆ, 21 ದಿನಗಳ ನೋಟಿಸ್. ಯಾರನ್ನು ತೆಗೆಯುತ್ತಾರೋ ಅವರಿಗೆ ಉತ್ತರ ಬರೆದುಕೊಡಲು, ಸಭೆಯಲ್ಲಿ ಮಾತಾಡಲು ಅವಕಾಶ ಕೊಡಬೇಕು. ಈ ಮೂರು ವಾರ ಚಿಕ್ಕ ಪಾಲುದಾರನ ಕೈಗೆ ಸಿಗುವ ಬಂಗಾರದಂಥ ಸಮಯ. ಸಿಟ್ಟಿನಲ್ಲಿ ರಾಜೀನಾಮೆ ಕೊಟ್ಟರೆ ಅದೂ ಹೋಯಿತು.

ಇನ್ನು ತೆಗೆಯುವುದನ್ನು ತಡೆಯಬಹುದಾ? ಆಗದು. ಸಾಮಾನ್ಯ ನಿರ್ಣಯಕ್ಕೆ ಅರ್ಧಕ್ಕಿಂತ ಜಾಸ್ತಿ ಮತ ಸಾಕು, ಎದುರಿಗೆ 70 ಇದೆ. ಒಬ್ಬ ಡೈರೆಕ್ಟರನ್ನು ತೆಗೆದದ್ದು, ಅಷ್ಟರಿಂದಲೇ, ಕಂಪನಿ ಕಾನೂನಿನ ಅರ್ಥದಲ್ಲಿ ದಬ್ಬಾಳಿಕೆ ಆಗುವುದಿಲ್ಲ ಎಂಬುದನ್ನು ಟಾಟಾ ಮತ್ತು ಸೈರಸ್ ಮಿಸ್ತ್ರಿ ಕಡೆಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಮಾರ್ಚ್ 26ರಂದು ಸ್ಪಷ್ಟ ಮಾಡಿತು. ಬಾಮೈದನಿಗೆ ಇದನ್ನು ಒಪ್ಪಿಕೊಳ್ಳೋಕೆ ಬಹಳ ಕಷ್ಟವಾಯಿತು. ಅವನ ಇಡೀ ನೋವು ಆ ಕುರ್ಚಿಯ ಮೇಲೇ ಇತ್ತು. ಕಾನೂನಿನ ಕಣ್ಣು ಇದ್ದದ್ದು ಬೇರೆ ಕಡೆ, ಷೇರಿನ ಮೇಲೆ. ಈ ವ್ಯತ್ಯಾಸ ತಿಳಿದುಕೊಳ್ಳದೆ ಕೇಸ್ ಹಾಕುವವರು ಎರಡು ವರ್ಷ ಅವಮಾನದ ಬಗ್ಗೆಯೇ ವಾದ ಮಾಡುತ್ತಿರುತ್ತಾರೆ.

ಕಂಪನಿ ಸರ್ಕಾರಕ್ಕೆ ಸಲ್ಲಿಸುವ ಕಾಗದಗಳು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಶುಲ್ಕ ಕಟ್ಟಿದ ಯಾರಿಗಾದರೂ ಸಿಗುತ್ತವೆ. ಇದಕ್ಕಾಗಿ ಕೋರಮಂಗಲದ ಕೇಂದ್ರೀಯ ಸದನದವರೆಗೆ ಹೋಗಬೇಕಿಲ್ಲ. ವಕೀಲರ ಆಫೀಸಿನಲ್ಲೇ ತೆರೆದು ನೋಡಿದಾಗ ಅಲ್ಲೊಂದು ಪಿಎಎಸ್-3 ಇತ್ತು. ಹೊಸ ಷೇರು ಹಂಚಿದ್ದಕ್ಕೆ ಸಲ್ಲಿಸುವ ನಮೂನೆ ಅದು. 3,00,000 ಹೊಸ ಷೇರು, ತಲಾ 10 ರೂಪಾಯಿಗೆ. ಭಾವನಿಗೆ 2,70,000. ಅಕ್ಕನಿಗೆ 30,000. ಬಾಮೈದನ ಹೆಸರೇ ಇಲ್ಲ.

30 ಹೋಗಿ ಏಳೂವರೆ

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇಡೀ ಪ್ರಕರಣದ ಕೀಲು ಇದು.

ಭಾವ ತಮಗೆ ಬೇಕಾದಷ್ಟು ಷೇರನ್ನು ನೇರವಾಗಿ ಹಂಚಿಕೊಳ್ಳಬಹುದಿತ್ತಲ್ಲ? ಆಗುತ್ತಿರಲಿಲ್ಲ. ಆಯ್ದವರಿಗೆ ಮಾತ್ರ ಷೇರು ಕೊಡಲು ವಿಶೇಷ ನಿರ್ಣಯ ಬೇಕು, ಅಂದರೆ ನಾಲ್ಕರಲ್ಲಿ ಮೂರು ಪಾಲು ಮತ. ನೋಂದಾಯಿತ ಮೌಲ್ಯಮಾಪಕರಿಂದ ಬೆಲೆಯ ವರದಿಯೂ ಬೇಕು. ಭಾವ-ಅಕ್ಕ ಸೇರಿದರೆ 70 ಮಾತ್ರ. 25ಕ್ಕಿಂತ ಜಾಸ್ತಿ ಇಟ್ಟುಕೊಂಡವನಿಗೆ ಇರುವ ನಿಜವಾದ ಬಲ ಇದೇ, ವಿಶೇಷ ನಿರ್ಣಯ ಅವನಿಲ್ಲದೆ ಆಗದು. ಅದಕ್ಕೇ ರೈಟ್ಸ್ ಇಶ್ಯೂ ದಾರಿ ಹಿಡಿದರು. ಇರುವ ಷೇರುದಾರರಿಗೆಲ್ಲ ಅವರವರ ಪಾಲಿನಷ್ಟು ಹೊಸ ಷೇರು ಕೊಡುತ್ತೇವೆ ಎಂದರೆ ಬೋರ್ಡ್ ನಿರ್ಣಯ ಸಾಕು. ಅಧಿಕೃತ ಬಂಡವಾಳ, ಅಂದರೆ ಕಂಪನಿ ಹೊರಡಿಸಬಹುದಾದ ಷೇರಿನ ಮಿತಿ, ಮೊದಲೇ 50 ಲಕ್ಷ ಇತ್ತು, ಹಾಗಾಗಿ ಸಭೆಯ ಗೊಡವೆಯೂ ಇಲ್ಲ. ಒಂದಕ್ಕೆ ಮೂರರಂತೆ ಆಫರ್. ಬಾಮೈದನ ಪಾಲು 90,000 ಷೇರು, 9 ಲಕ್ಷ ರೂಪಾಯಿ. ತಿಳಿದಿದ್ದರೆ ಚೀಟಿ ಎತ್ತಿಯಾದರೂ ಕಟ್ಟುತ್ತಿದ್ದ.

ತಿಳಿಯಲೇ ಇಲ್ಲ. ಆಫರ್ ಪತ್ರ ಹೋದದ್ದು ಬಂದ್ ಆಗಿದ್ದ ಆಫೀಸ್ ಇಮೇಲ್‌ಗೆ. ಬೋರ್ಡ್ ಸಭೆಗೆ ಪ್ರತಿ ಡೈರೆಕ್ಟರ್‌ಗೂ ಕನಿಷ್ಠ 7 ದಿನದ ನೋಟಿಸ್ ಕೊಡಬೇಕು, ಅದೂ ಬಂದಿರಲಿಲ್ಲ. ಇಮೇಲ್ ಮೂಲಕ ಆಫರ್ ಕಳಿಸಲು ಕಾನೂನಿನಲ್ಲಿ ಅವಕಾಶ ಇದೆ. ಆದರೆ ತಾವೇ ಬಾಗಿಲು ಹಾಕಿದ ಪೆಟ್ಟಿಗೆಗೆ ಕಾಗದ ಹಾಕಿ "ಕಳಿಸಿದ್ದೇವೆ" ಅನ್ನೋದು ಯಾವ ಬೆಂಚಿನ ಮುಂದೆಯೂ ಸುಲಭವಾಗಿ ನಿಲ್ಲುವ ವಾದ ಅಲ್ಲ. 15 ದಿನ ಮುಗಿದ ತಕ್ಷಣ, ಬಾಮೈದ ತೆಗೆದುಕೊಂಡಿಲ್ಲ ಎಂದು ಆ 90,000 ಷೇರನ್ನೂ ಭಾವನಿಗೇ ಹಂಚಿದರು.

ಈಗ ಲೆಕ್ಕ ನೋಡಿ. ಒಟ್ಟು 4,00,000 ಷೇರಿನಲ್ಲಿ ಬಾಮೈದನದು 30,000. ಶೇಕಡ 7.5. ಜಾಗದ ಇವತ್ತಿನ ಬೆಲೆ ಸೇರಿಸಿದರೆ ಕಂಪನಿಯ ಆಸ್ತಿ, ಸಾಲ ಕಳೆದು, ಸುಮಾರು 6 ಕೋಟಿ ಅಂದುಕೊಳ್ಳಿ. ಮೊದಲು ಒಂದು ಷೇರಿಗೆ 600 ರೂಪಾಯಿ, ಅವನ ಪಾಲು 1 ಕೋಟಿ 80 ಲಕ್ಷ. ಹಂಚಿಕೆಯ ನಂತರ 6 ಕೋಟಿ 30 ಲಕ್ಷವನ್ನು 4 ಲಕ್ಷ ಷೇರಿಗೆ ಹಂಚಬೇಕು. ಷೇರಿಗೆ 157 ರೂಪಾಯಿ 50 ಪೈಸೆ. ಅವನ ಪಾಲು 47 ಲಕ್ಷದ 25 ಸಾವಿರ. ಒಂದು ಬೋರ್ಡ್ ನಿರ್ಣಯದಲ್ಲಿ 1 ಕೋಟಿ 32 ಲಕ್ಷ 75 ಸಾವಿರ ರೂಪಾಯಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು. 600 ಬೆಲೆಯದನ್ನು 10ಕ್ಕೆ ಕೊಟ್ಟಾಗ ಆಗುವುದೇ ಇದು.

ಭಾವನ ಉತ್ತರ ಸಿದ್ಧವಿತ್ತು: ಹೊಸ ವಿಎಂಸಿ ಮೆಷಿನ್‌ಗೆ ದುಡ್ಡು ಬೇಕಿತ್ತು. ದುಡ್ಡಿನ ಅಗತ್ಯ ನಿಜವಾಗಿದ್ದರೆ ಇದು ಸಣ್ಣ ವಾದ ಅಲ್ಲ. ಆದರೆ ಬಾಮೈದ ಆ ಮೂರು ವಾರದಲ್ಲಿ ಲೆಡ್ಜರ್ ನೋಡಿದಾಗ ಬ್ಯಾಂಕ್ ಖಾತೆಗೆ ಹೊಸದಾಗಿ ಒಂದು ರೂಪಾಯಿಯೂ ಬಂದಿರಲಿಲ್ಲ. ಭಾವ-ಅಕ್ಕ ಕಂಪನಿಗೆ ಹಿಂದೆ ಕೊಟ್ಟಿದ್ದ ಕೈಸಾಲ 30 ಲಕ್ಷವನ್ನು ಷೇರು ಹಣವೆಂದು ಹೊಂದಾಣಿಕೆ ಮಾಡಿದ್ದರು. ಮೆಷಿನ್ ಬಂದಿರಲಿಲ್ಲ, ಕೊಟೇಶನ್ ಕೂಡ ಇರಲಿಲ್ಲ.

ಇಂಥ ಹಂಚಿಕೆಯ ಬಗ್ಗೆ ಎರಡು ತೀರ್ಪುಗಳನ್ನು ಜೊತೆಗೆ ಓದಬೇಕು. ಮೊದಲನೆಯದು 1981ರದು, ನೀಲಗಿರಿಯ ಸೂಜಿ ಕಾರ್ಖಾನೆ ನೀಡಲ್ ಇಂಡಸ್ಟ್ರೀಸ್‌ನದು. ಅಲ್ಲೂ ರೈಟ್ಸ್ ಆಫರ್ ಪತ್ರ ಎದುರು ಪಾರ್ಟಿಗೆ ಉಪಯೋಗಕ್ಕೆ ಬಾರದಷ್ಟು ತಡವಾಗಿ ತಲುಪಿತ್ತು. ಸುಪ್ರೀಂ ಕೋರ್ಟ್ ಹಂಚಿಕೆಯನ್ನು ರದ್ದು ಮಾಡಲಿಲ್ಲ, ದಬ್ಬಾಳಿಕೆ ಎಂದೂ ಒಪ್ಪಲಿಲ್ಲ. ಆದರೆ 190 ರೂಪಾಯಿ ಬೆಲೆಯ ಷೇರು 100ಕ್ಕೆ ಸಿಕ್ಕವರು ಆ ಲಾಭ ಇಟ್ಟುಕೊಳ್ಳಬಾರದು ಎಂದು 9,495 ಷೇರಿಗೆ ತಲಾ 90ರಂತೆ 8,54,550 ರೂಪಾಯಿ ಕೊಡಿಸಿತು. ಎರಡನೆಯದು 2004ರ ಡೇಲ್ ಅಂಡ್ ಕ್ಯಾರಿಂಗ್ಟನ್, ಕೇರಳದ ಒಂದು ಹೋಟೆಲ್ ಕಂಪನಿಯದು. ಮ್ಯಾನೇಜಿಂಗ್ ಡೈರೆಕ್ಟರ್ ತನಗೇ ಷೇರು ಹಂಚಿಕೊಂಡು ಹಿಡಿತ ಸಾಧಿಸಿದ್ದರು. ಅಲ್ಲಿ ಹಂಚಿಕೆಯೇ ಬಿದ್ದುಹೋಯಿತು. ಡೈರೆಕ್ಟರ್ ಕೈಯಲ್ಲಿರುವ ಷೇರು ಹಂಚುವ ಅಧಿಕಾರ ಕಂಪನಿಗಾಗಿ ಇರುವಂಥದ್ದು, ಸ್ವಂತಕ್ಕಲ್ಲ. ಎರಡೂ ಸೇರಿದರೆ ಬರುವ ಅರ್ಥ ಸರಳ: ದುಡ್ಡಿನ ಅಗತ್ಯ ಇತ್ತಾ ಇಲ್ಲವಾ ಎಂಬುದನ್ನು ಸಾಬೀತು ಮಾಡುವುದರ ಮೇಲೆ ಎಲ್ಲ ನಿಂತಿದೆ. ಬಾಮೈದ ತೆಗೆದಿಟ್ಟುಕೊಂಡ ಲೆಡ್ಜರಿನ ನಕಲು ಹತ್ತು ಪುಟದ ವಾದಕ್ಕಿಂತ ದೊಡ್ಡದಾದದ್ದು ಅದಕ್ಕೇ.

ಕರೆಂಟ್ ಬಿಲ್

ಮಗನ ಫರ್ಮಿಗೆ ಆರ್ಡರ್ ಹೋದದ್ದಕ್ಕೆ ಸಾಕ್ಷಿ ಸಿಕ್ಕಿದ್ದು ತಮಾಷೆಯ ಜಾಗದಲ್ಲಿ. ಕಂಪನಿಯ ಮಾರಾಟ ವರ್ಷದಲ್ಲಿ ಮೂರನೇ ಒಂದರಷ್ಟು ಇಳಿದಿತ್ತು. ಬೆಸ್ಕಾಂ ಬಿಲ್ಲಿನ ಯೂನಿಟ್ ಮಾತ್ರ ಇಳಿದಿರಲಿಲ್ಲ. ಮೆಷಿನ್ ಓಡಿದೆ, ಕರೆಂಟಿಗೆ ಕಂಪನಿ ದುಡ್ಡು ಕಟ್ಟಿದೆ, ಬಿಲ್ ಬೇರೆಯವರು ಹಾಕಿದ್ದಾರೆ. ಫರ್ಮಿನ ಜಿಎಸ್‌ಟಿ ನಂಬರನ್ನು ಪೋರ್ಟಲ್‌ನಲ್ಲಿ ಹಾಕಿದರೆ ವಿಳಾಸ ಅದೇ ಶೆಡ್.

ಸೆಕ್ಷನ್ 166 ಹೇಳುವಂತೆ ಡೈರೆಕ್ಟರ್ ತನಗಾಗಲಿ ತನ್ನ ಸಂಬಂಧಿಕರಿಗಾಗಲಿ ಅನುಚಿತ ಲಾಭ ಮಾಡಿಕೊಟ್ಟರೆ ಅಷ್ಟನ್ನೂ ಕಂಪನಿಗೆ ತುಂಬಿಕೊಡಬೇಕು. ಕಂಪನಿಗೆ, ಬಾಮೈದನಿಗಲ್ಲ. ಈ ದುಡ್ಡು ಅವನ ಜೇಬಿಗೆ ಬರುವುದು ಷೇರಿನ ಬೆಲೆ ಕಟ್ಟುವಾಗ ಮಾತ್ರ, ಅದೂ ಅವನ ಪಾಲಿನಷ್ಟು. ಅಂದರೆ ಮತ್ತೆ ಬಂದು ನಿಂತದ್ದು ಷೇರಿನ ಮೇಲೇ.

ಬಾಮೈದನೂ ಸಾಚಾ ಏನಲ್ಲ. ಸಂಬಳ ನಿಂತ ಮೇಲೆ ಕಂಪನಿಯ ಕೆಲವು ಡ್ರಾಯಿಂಗ್ ತೆಗೆದುಕೊಂಡು ಕಾಮಾಕ್ಷಿಪಾಳ್ಯದ ಸ್ನೇಹಿತನ ಶಾಪಿನಲ್ಲಿ ಎರಡು ಆರ್ಡರ್ ಮಾಡಿಸಿದ್ದ. ಕಂಪನಿಯ ಸಿಸಿ ಲೋನ್ (ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಸಾಲ) ನವೀಕರಣಕ್ಕೆ ಸಹಿ ಹಾಕಲ್ಲ ಎಂದು ಬ್ಯಾಂಕ್ ಮ್ಯಾನೇಜರ್ ಮುಂದೆ ಕೂಗಾಡಿದ್ದ. ಟ್ರಿಬ್ಯುನಲ್ ಕೊಡುವ ಪರಿಹಾರ ನ್ಯಾಯ-ಅನ್ಯಾಯದ ತೂಕದ ಮೇಲೆ ನಿಂತದ್ದು, ಕೇಳುವವನ ನಡತೆಯನ್ನೂ ನೋಡುತ್ತಾರೆ. ಭಾವನ ಕಡೆಯವರು ತಮ್ಮ ಉತ್ತರದಲ್ಲಿ ಅರ್ಧ ಭಾಗವನ್ನು ಈ ಡ್ರಾಯಿಂಗ್‌ಗಳಿಗೇ ಮೀಸಲಿಟ್ಟರು. ಸುಮ್ನೆ ಕೊಟ್ಟ ಆಯುಧ ಅದು.

ಟ್ರಿಬ್ಯುನಲ್ ಬಾಗಿಲು

ಇಂಥ ಜಗಳ ಸಿವಿಲ್ ಕೋರ್ಟಿಗೆ ಹೋಗುವುದಿಲ್ಲ, ಸೆಕ್ಷನ್ 430 ತಡೆಯುತ್ತದೆ. ಹೋಗಬೇಕಾದ್ದು ರಾಷ್ಟ್ರೀಯ ಕಂಪನಿ ಕಾನೂನು ಟ್ರಿಬ್ಯುನಲ್, ಅಂದರೆ ಎನ್‌ಸಿಎಲ್‌ಟಿಗೆ. ಈ ಟ್ರಿಬ್ಯುನಲ್ 2016ರ ಜೂನ್ 1ರಿಂದ ಇದೆ, ಬೆಂಗಳೂರಿನಲ್ಲೇ ಒಂದು ಪೀಠ ಇದೆ. ಅರ್ಜಿ ದಬ್ಬಾಳಿಕೆಯ ವಿರುದ್ಧದ ಸೆಕ್ಷನ್ 241 ಮತ್ತು 242ರ ಅಡಿ.

ಭಾವನ ವಕೀಲರು ಮೊದಲ ದಿನವೇ ಎತ್ತಿದ ಆಕ್ಷೇಪ: ಅರ್ಜಿ ಹಾಕಲು ಶೇಕಡ 10 ಷೇರು ಬೇಕು, ಇವನದು 7.5 ಮಾತ್ರ. ಕೇಳಿದರೆ ಗಟ್ಟಿಯಾಗೇ ಇದೆ. ಬಹುಶಃ ಪಾಲನ್ನು 10ಕ್ಕಿಂತ ಕೆಳಗೆ ಇಳಿಸಿದ ಉದ್ದೇಶವೂ ಇದೇ ಇರಬೇಕು. ಆದರೆ ಸೆಕ್ಷನ್ 244ನ್ನು ಪೂರ್ತಿ ಓದಬೇಕು. ಷೇರು ಬಂಡವಾಳದ ಹತ್ತನೇ ಒಂದು ಪಾಲು ಒಂದು ದಾರಿ. ಇನ್ನೊಂದು ದಾರಿ ತಲೆ ಎಣಿಕೆಯದು: 100 ಸದಸ್ಯರು ಅಥವಾ ಒಟ್ಟು ಸದಸ್ಯರಲ್ಲಿ ಹತ್ತನೇ ಒಂದು ಭಾಗ, ಯಾವುದು ಕಡಿಮೆಯೋ ಅದು. ಮೂರೇ ಸದಸ್ಯರ ಕಂಪನಿಯಲ್ಲಿ ಒಬ್ಬ ಸದಸ್ಯ ಅಂದರೆ ಮೂರನೇ ಒಂದು ಭಾಗ. ಕೈಯಲ್ಲಿ ಒಂದೇ ಷೇರು ಉಳಿದಿದ್ದರೂ ಅವನು ಅರ್ಜಿ ಹಾಕಬಹುದಿತ್ತು. ಪೀಣ್ಯ, ರಾಜಾಜಿನಗರ, ಬೊಮ್ಮಸಂದ್ರದ ಕುಟುಂಬ ಕಂಪನಿಗಳಲ್ಲಿ ಸದಸ್ಯರು ಹತ್ತಕ್ಕಿಂತ ಕಡಿಮೆ ಇರುವುದೇ ಜಾಸ್ತಿ. ಅಲ್ಲೆಲ್ಲ ಈ ಆಕ್ಷೇಪ ಟೊಳ್ಳು. ಇವೆರಡೂ ಇಲ್ಲದಿದ್ದರೆ ಟ್ರಿಬ್ಯುನಲ್ ವಿನಾಯಿತಿ ಕೊಡಬಹುದು ಎಂಬ ಮೂರನೇ ದಾರಿಯೂ ಇದೆ.

"ಇದು ಹೆಸರಿಗೆ ಕಂಪನಿ, ಒಳಗೆ ಪಾಲುದಾರಿಕೆ" ಎಂಬ ವಾದವನ್ನೂ ಅರ್ಜಿಯಲ್ಲಿ ಬರೆದರು. ಇದರ ಬೇರು ಇಂಗ್ಲೆಂಡಿನ 1972ರ ಇಬ್ರಾಹಿಮಿ ಪ್ರಕರಣದಲ್ಲಿದೆ. ಲಂಡನ್ನಿನಲ್ಲಿ ಇಬ್ಬರು ಜಮಖಾನೆ ವ್ಯಾಪಾರಿಗಳು ಪಾಲುದಾರಿಕೆಯನ್ನು ಕಂಪನಿ ಮಾಡಿಕೊಂಡರು, ಒಬ್ಬನ ಮಗ ಬಂದ, ತಂದೆ-ಮಗ ಸೇರಿ ಇನ್ನೊಬ್ಬನನ್ನು ಡೈರೆಕ್ಟರ್ ಸ್ಥಾನದಿಂದ ತೆಗೆದರು, ಅಲ್ಲೂ ಲಾಭವೆಲ್ಲ ಸಂಬಳವಾಗಿಯೇ ಹೋಗುತ್ತಿತ್ತು. ನಮ್ಮ ಶೆಡ್ಡಿನ ಕಥೆಯೇ ಅಲ್ವಾ? ಆ ಕಂಪನಿಯನ್ನು ಮುಚ್ಚಲು ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಆದೇಶಿಸಿತು. ನಮ್ಮ ಸುಪ್ರೀಂ ಕೋರ್ಟ್ 1976ರ ಹಿಂದ್ ಓವರ್‌ಸೀಸ್ ತೀರ್ಪಿನಲ್ಲಿ ಈ ತತ್ವವನ್ನು ಎಚ್ಚರದಿಂದ, ಎಲ್ಲ ಕಂಪನಿಗೂ ಹಚ್ಚಬೇಡಿ ಎಂಬ ಧಾಟಿಯಲ್ಲಿ ನೋಡಿತು. ಹಳೆಯ ಪಾರ್ಟ್‌ನರ್‌ಶಿಪ್ ಡೀಡ್ ಉಪಯೋಗಕ್ಕೆ ಬಂದದ್ದು ಇಲ್ಲಿ. ಕರಾರಾಗಿ ಅದು ಕಂಪನಿಯನ್ನು ಕಟ್ಟಿಹಾಕದು. ಇವರು ಯಾವ ನಂಬಿಕೆಯ ಮೇಲೆ ಜೊತೆಯಾದರು ಎಂಬುದಕ್ಕೆ ಸಾಕ್ಷಿಯಾಗಿ ಚೆನ್ನಾಗಿ ನಿಲ್ಲುತ್ತದೆ.

ಮಧ್ಯಂತರ ಆದೇಶ ಸಿಕ್ಕಿತು: ಷೇರು ಹೀಗೇ ಇರಲಿ, ಜಾಗ ಮಾರಬಾರದು. ನಿಜ ಹೇಳಬೇಕೆಂದರೆ ಅರ್ಧ ಗೆಲುವು ಅಷ್ಟರಲ್ಲೇ ಆಯಿತು. ಅರ್ಜಿಗಳನ್ನು ಮೂರು ತಿಂಗಳೊಳಗೆ ಮುಗಿಸಲು ಪ್ರಯತ್ನಿಸಬೇಕು ಎಂದು ಸೆಕ್ಷನ್ 422ರಲ್ಲಿ ಬರೆದಿದೆ. ಅದನ್ನು ಓದಿ ಹೇಳಿದರೆ ವಕೀಲರು ನಗುತ್ತಾರೆ. ಇದೇ ಪೀಠಗಳ ಮೇಲೆ ದಿವಾಳಿ ಕೇಸುಗಳ ಹೊರೆಯೂ ಇದೆ. ಗೆದ್ದರೂ ಸೋತವರಿಗೆ ಚೆನ್ನೈನ ಮೇಲ್ಮನವಿ ಪೀಠ, ಆಮೇಲೆ ಸುಪ್ರೀಂ ಕೋರ್ಟ್ ಇದ್ದೇ ಇದೆ. ಜಾಗ ಮಾರಲಾಗದೆ, ಬ್ಯಾಂಕಿಗೆ ಉತ್ತರ ಹೇಳಲಾಗದೆ ಭಾವನಿಗೂ ಸಾಕಾಗಿತ್ತು. ಮಾತುಕತೆ ಶುರುವಾಯಿತು.

ಬೆಲೆ

ಭಾವನ ಮೊದಲ ಆಫರ್ 20 ಲಕ್ಷದ 25 ಸಾವಿರ. ಪುಸ್ತಕದಲ್ಲಿ ಜಾಗ ಕೊಂಡಾಗಿನ ಬೆಲೆಯಲ್ಲೇ ಇತ್ತು, ಆ ಲೆಕ್ಕದಲ್ಲಿ ಕಂಪನಿಯ ಬೆಲೆ 2 ಕೋಟಿ 40 ಲಕ್ಷ, ಹೊಸ ಷೇರಿನ 30 ಲಕ್ಷ ಸೇರಿಸಿ 2 ಕೋಟಿ 70 ಲಕ್ಷ, ಅದರಲ್ಲಿ ಏಳೂವರೆ ಪರ್ಸೆಂಟ್. ಬಾಮೈದ ಕೇಳಿದ್ದು 1 ಕೋಟಿ 80 ಲಕ್ಷ. ಕಂಪನಿ ಒಂದೇ, ಷೇರು ಅವೇ 30,000. ವ್ಯತ್ಯಾಸ ಎರಡೇ ಪ್ರಶ್ನೆಗಳಲ್ಲಿತ್ತು: ಯಾವ ದಿನದ ಪಾಲು, ಜಾಗಕ್ಕೆ ಯಾವ ಬೆಲೆ.

ಮೊದಲನೆಯದಕ್ಕೆ ಪಿಎಎಸ್-3 ಮತ್ತು ಲೆಡ್ಜರ್ ಉತ್ತರ ಕೊಟ್ಟವು. ಎರಡನೆಯದನ್ನು ಮುಗಿಸಿದ್ದು ಆದಾಯ ತೆರಿಗೆಯ ನಿಯಮ. ಷೇರುಪೇಟೆಯಲ್ಲಿ ಪಟ್ಟಿಯಾಗದ ಷೇರನ್ನು ನ್ಯಾಯವಾದ ಮಾರುಕಟ್ಟೆ ಬೆಲೆಗಿಂತ ಕಡಿಮೆಗೆ ಮಾರಿದರೆ, ಮಾರಿದವನ ತೆರಿಗೆಯನ್ನು ಆ ಮಾರುಕಟ್ಟೆ ಬೆಲೆಯ ಮೇಲೇ ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ಕಂಪನಿಯ ಜಾಗಕ್ಕೆ ಪುಸ್ತಕದ ಬೆಲೆ ನಡೆಯುವುದಿಲ್ಲ, ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರ ಹಿಡಿಯಬೇಕು. ಇದರಲ್ಲೊಂದು ವಿಚಿತ್ರವೂ ಇದೆ. ಕಡಿಮೆಗೆ ಕೊಂಡವರಿಗೆ ಬೀಳುವ ತೆರಿಗೆಯಲ್ಲಿ ಹೆಂಡತಿಯ ತಮ್ಮನಂಥ ಹತ್ತಿರದ ನೆಂಟರಿಂದ ಕೊಂಡರೆ ವಿನಾಯಿತಿ ಇದೆ. ಮಾರುವವನಿಗೆ ಅಂಥ ನೆಂಟಸ್ತನದ ವಿನಾಯಿತಿ ಇಲ್ಲ. ಭಾವ ಹೇಳಿದ ಬೆಲೆಗೆ ಒಪ್ಪಿದ್ದರೆ ಬಾಮೈದ ಕೈಗೆ ಬಾರದ ದುಡ್ಡಿಗೂ ತೆರಿಗೆ ಕಟ್ಟಬೇಕಿತ್ತು. ಇದನ್ನು ಕೇಳಿದ ಮೇಲೆ ಅಕ್ಕ ಮೊದಲ ಸಲ ಮಾತಾಡಿದರು, ಗಂಡನ ಜೊತೆ. ಏನು ಮಾತಾಡಿದರೋ, ಮುಂದಿನ ಸಭೆಗೆ ಭಾವ ಬೇರೆ ಅಂಕಿ ತಂದರು.

ಒಪ್ಪಂದ 1 ಕೋಟಿ 50 ಲಕ್ಷಕ್ಕೆ ನಿಂತಿತು. ಮಾರ್ಗಸೂಚಿ ದರದ ಲೆಕ್ಕಕ್ಕಿಂತ ಅದು ಸ್ವಲ್ಪ ಮೇಲೇ ಇತ್ತು. ರೈಟ್ಸ್ ಹಂಚಿಕೆ ರದ್ದು, ಆಮೇಲೆ ಭಾವ ಮೂರು ಕಂತಿನಲ್ಲಿ ಕೊಳ್ಳುವುದು, ಪ್ರತಿ 50 ಲಕ್ಷಕ್ಕೆ 10,000 ಷೇರು. ಷೇರನ್ನೂ ಕಂತಿನಲ್ಲೇ ವರ್ಗಾಯಿಸಿದ್ದಕ್ಕೆ ಕಾರಣ ಇದೆ. ತೆರಿಗೆ ಬೀಳುವುದು ದುಡ್ಡು ಬಂದ ವರ್ಷ ಅಲ್ಲ, ಷೇರು ಹೋದ ವರ್ಷ. ಮೊದಲೇ ಎಲ್ಲ ಬರೆದುಕೊಟ್ಟಿದ್ದರೆ 3 ಲಕ್ಷದ ಮೂಲ ಬೆಲೆ ಕಳೆದು ಉಳಿದ 1 ಕೋಟಿ 47 ಲಕ್ಷದ ಮೇಲೆ ಶೇಕಡ 12.5ರಂತೆ 18 ಲಕ್ಷದ 37 ಸಾವಿರ ಚಿಲ್ಲರೆ, ಮೇಲೆ ಸರ್ಚಾರ್ಜ್, ಸೆಸ್, ಒಂದೇ ವರ್ಷಕ್ಕೆ. ಕೈಯಲ್ಲಿ ಇದ್ದದ್ದು ಒಂದೇ ಕಂತು. ಕಂತು ಬೇರೆ ಬೇರೆ ಹಣಕಾಸು ವರ್ಷಕ್ಕೆ ಬಿದ್ದರೆ ಸರ್ಚಾರ್ಜ್ ಕೂಡ ಇಳಿಯುತ್ತದೆ. ಜೊತೆಗೆ, ಕೊನೆಯ ಕಂತಿನವರೆಗೆ ಅವನು ಷೇರುದಾರನಾಗಿ ಉಳಿಯುತ್ತಾನೆ. ಒಪ್ಪಂದವನ್ನು ಟ್ರಿಬ್ಯುನಲ್ ಆದೇಶದಲ್ಲಿ ಸೇರಿಸಿದ್ದರಿಂದ ಕಂತು ತಪ್ಪಿದರೆ ಹೊಸ ದಾವೆ ಬೇಕಿಲ್ಲ, ಸಿವಿಲ್ ಡಿಕ್ರಿಯಂತೆ ಜಾರಿ ಮಾಡಿಸಬಹುದು.

ಅತಿ ಜಾಸ್ತಿ ಎಳೆದಾಟ ನಡೆದದ್ದು ಬೆಲೆಗಲ್ಲ, ಬ್ಯಾಂಕ್ ಜಾಮೀನಿಗೆ. ಕಂಪನಿಯ ಸಿಸಿ ಲೋನ್‌ಗೆ ಬಾಮೈದ ವೈಯಕ್ತಿಕ ಜಾಮೀನು ಹಾಕಿದ್ದ, ನಂದಿನಿ ಲೇಔಟ್‌ನ ಮನೆಯ ಪತ್ರವೂ ಬ್ಯಾಂಕಿನಲ್ಲೇ ಇತ್ತು. ಷೇರು ಮಾರಿದ ಮಾತ್ರಕ್ಕೆ ಜಾಮೀನು ಹೋಗುವುದಿಲ್ಲ. ಅದು ಬ್ಯಾಂಕ್ ಮತ್ತು ಅವನ ನಡುವಿನ ಕರಾರು, ಟ್ರಿಬ್ಯುನಲ್ ಮುಂದೆ ಬ್ಯಾಂಕ್ ಪಾರ್ಟಿಯೂ ಅಲ್ಲ. ಬೇರೆ ಆಸ್ತಿ ತಂದು ಕೊಡಿ, ಬಿಡುತ್ತೇವೆ ಎಂದಿತು ಬ್ಯಾಂಕ್. ಭಾವ ಮಗನ ಹೆಸರಿನ ಫ್ಲಾಟ್ ಇಡಬೇಕಾಯಿತು. ಮೂರನೇ ಕಂತಿನ ಷೇರು ವರ್ಗಾವಣೆ ಪತ್ರಕ್ಕೆ ಬಾಮೈದ ಸಹಿ ಹಾಕುವುದು ಜಾಮೀನು ಬಿಡುಗಡೆ ಪತ್ರ ಮತ್ತು ಮನೆಯ ಮೂಲ ಪತ್ರಗಳು ಕೈಗೆ ಬಂದ ಮೇಲೆ ಮಾತ್ರ ಎಂದು ಬರೆಸಿದರು. ಬಿಡುಗಡೆ ಪತ್ರ ಬರಲು ತಡವಾಯಿತು. ಅಷ್ಟೂ ದಿನ ಕೊನೆಯ 10,000 ಷೇರು ಅವನ ಹೆಸರಿನಲ್ಲೇ ಇತ್ತು, 50 ಲಕ್ಷದ ಚೆಕ್ ವಕೀಲರ ಬೀರುವಿನಲ್ಲಿತ್ತು.